ಕತ್ತಲಲ್ಲಿ ಶಟರ್ ತೆರೆದಿಟ್ಟು ಕಾಯಿರಿ: ರಾತ್ರಿ ಮಿಂಚಿನ ಫೋಟೊ ತೆಗೆಯುವ ಬಗೆ

ಭರಣಿ ಮಳೆಯ ಹೊತ್ತಿಗೆ ಮೈಸೂರಿನ ಸಂಜೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹಗಲೆಲ್ಲ ಬೆವರು ಕಿತ್ತುಬರುವ ಸೆಕೆ. ನಾಲ್ಕು ಗಂಟೆಗೆ ಒಂದು ಎಲೆಯೂ ಅಲ್ಲಾಡುವುದಿಲ್ಲ. ಐದಕ್ಕೆ ಪೂರ್ವದ ಕಡೆ ಹೂಕೋಸಿನ ಹಾಗೆ ಮೋಡ ಎದ್ದು ನಿಲ್ಲುತ್ತದೆ. ಕತ್ತಲಾಗುವಷ್ಟರಲ್ಲಿ ಆ ಮೋಡದ ಹೊಟ್ಟೆಯೊಳಗೆ ಯಾರೋ ದೀಪ ಹಚ್ಚಿ ಆರಿಸುತ್ತಿರುವ ಹಾಗೆ ಬೆಳಕು ಆಡುತ್ತದೆ. ನಮ್ಮ ಮನೆಯ ಮಹಡಿ ಕೋಣೆಯ ಕಿಟಕಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ. ಬೆಟ್ಟದ ರಸ್ತೆಯ ದೀಪಗಳ ಸಾಲು, ಅದರ ಹಿಂದೆ ಟಿ. ನರಸೀಪುರದ ಕಡೆಯ ಮಿಂಚು. ಕೆಲವು ವರ್ಷಗಳಿಂದ ಏಪ್ರಿಲ್, ಮೇ ಬಂತೆಂದರೆ ಆ ಕಿಟಕಿಯ ಮುಂದೆ ನನ್ನ ಟ್ರೈಪಾಡ್ ನಿಂತೇ ಇರುತ್ತದೆ.

ಫೋಟೊ ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಅಷ್ಟು ಬೇಗ ಹೇಗೆ ಕ್ಲಿಕ್ ಮಾಡಿದ್ರಿ?"

ನಾನು ಬೇಗ ಕ್ಲಿಕ್ ಮಾಡಿರುವುದಿಲ್ಲ. ಯಾರಿಂದಲೂ ಆಗುವುದಿಲ್ಲ. ಕಣ್ಣಿಗೆ ಬೆಳಕು ಬಿದ್ದು, ಮೆದುಳಿಗೆ ಗೊತ್ತಾಗಿ, ಬೆರಳು ಗುಂಡಿ ಒತ್ತುವುದಕ್ಕೆ ಸುಮಾರು ಕಾಲು ಸೆಕೆಂಡ್ ಬೇಕು. ಒತ್ತಿದ ಮೇಲೆ ಶಟರ್ (ಬೆಳಕನ್ನು ಒಳಗೆ ಬಿಡುವ ಪರದೆ) ತೆರೆಯಲು ಕ್ಯಾಮೆರಾಗೆ ಇನ್ನಷ್ಟು ಹೊತ್ತು. ಮಿಂಚಿನ ಪೂರ್ತಿ ಆಯಸ್ಸು ಸರಾಸರಿ 0.2 ಸೆಕೆಂಡ್. ನಾವು ಒತ್ತುವಷ್ಟರಲ್ಲಿ ಆಕಾಶ ಮತ್ತೆ ಕತ್ತಲಾಗಿರುತ್ತದೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅನ್ನುವ ಗಾದೆ ಇಲ್ಲಿ ಅಕ್ಷರಕ್ಕೆ ಅಕ್ಷರ ನಿಜ. ಹಾಗಾಗಿ ರಾತ್ರಿ ಹೊತ್ತು ಮಾಡುವುದು ಇಷ್ಟೇ. ಮಿಂಚು ಬರುವ ಮೊದಲೇ ಶಟರ್ ತೆರೆದು, ಹತ್ತು ಇಪ್ಪತ್ತು ಸೆಕೆಂಡ್ ಹಾಗೇ ಬಿಟ್ಟಿರುತ್ತೇವೆ. ಆ ಹೊತ್ತಿನೊಳಗೆ ಮಿಂಚು ಬಂದರೆ ಅದು ತಾನೇ ಬಂದು ಸೆನ್ಸರ್ ಮೇಲೆ ಗೆರೆ ಎಳೆದು ಹೋಗುತ್ತದೆ. ಬರದಿದ್ದರೆ ಇನ್ನೊಂದು ಫೋಟೊ. ಆಮೇಲೆ ಮತ್ತೊಂದು.

ಕೇಳಲು ಸುಲಭ ಅಲ್ವಾ? ಸುಲಭವೇ. ಆದರೆ ಮೊದಲ ಸಲ ಮಾಡಿದವರ ಫೋಟೊಗಳು ಸಾಮಾನ್ಯವಾಗಿ ಎರಡೇ ಥರ ಇರುತ್ತವೆ. ಒಂದೋ ಆಕಾಶವೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿ ಮಿಂಚು ಅದರಲ್ಲಿ ಕರಗಿಹೋಗಿರುತ್ತದೆ. ಇಲ್ಲವೇ ಮಿಂಚು ದಪ್ಪ ಬಿಳಿ ಪಟ್ಟಿಯಾಗಿ ಸುಟ್ಟುಹೋಗಿರುತ್ತದೆ. ಎರಡಕ್ಕೂ ಕಾರಣ ಒಂದೇ. ಅದನ್ನು ಹೇಳುವ ಮೊದಲು ಆ 0.2 ಸೆಕೆಂಡಿನೊಳಗೆ ಏನಾಗುತ್ತದೆ ಅಂತ ನೋಡೋಣ.

ಒಂದು ಮಿಂಚಿನೊಳಗೆ ಎಷ್ಟು ಮಿಂಚು

ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೊಳ್ಳೆಯ ಪದಗಳಿವೆ. ಕಾಣುವುದು ಮಿಂಚು, ಕೇಳುವುದು ಗುಡುಗು, ನೆಲಕ್ಕೆ ಬಂದು ಬಡಿಯುವುದು ಸಿಡಿಲು. ಗೆರೆಯಾಗಿ ಕಾಣುವ ಮಿಂಚು ಕೋಲ್ಮಿಂಚು. ಫೋಟೊ ತೆಗೆಯುವವರು ಹುಡುಕುವುದು ಈ ಕೋಲ್ಮಿಂಚನ್ನೇ. ಆದರೆ ಗುಡುಗು ಮಳೆಯ ಮಿಂಚುಗಳಲ್ಲಿ ಹೆಚ್ಚಿನವು ಮೋಡದ ಒಳಗೇ ಹುಟ್ಟಿ ಅಲ್ಲೇ ಮುಗಿಯುತ್ತವೆ. ನೆಲ ಮುಟ್ಟುವುದು ಕೆಲವೇ. ಅದಕ್ಕೇ ಒಂದು ರಾತ್ರಿಯಲ್ಲಿ ನೂರಾರು ಸಲ ಆಕಾಶ ಬೆಳಗಿದರೂ ನಮಗೆ ಗೆರೆ ಸಿಗುವುದು ಬೆರಳೆಣಿಕೆಯಷ್ಟು ಸಲ.

ಮೋಡದೊಳಗೆ ಮಂಜಿನ ಹರಳುಗಳೂ ಪುಟ್ಟ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ತಾಗಿ ವಿದ್ಯುತ್ತು ಬೇರ್ಪಡುತ್ತದೆ. ಹಗುರ ಹರಳುಗಳು ಧನ ವಿದ್ಯುತ್ತು ಹೊತ್ತು ಮೇಲೆ ಹೋಗುತ್ತವೆ. ಭಾರದವು ಋಣ ವಿದ್ಯುತ್ತಿನ ಜೊತೆ ಕೆಳಗೆ ಉಳಿಯುತ್ತವೆ. ಆ ಒತ್ತಡ ಮಿತಿ ಮೀರಿದಾಗ ಮೋಡದಿಂದ ಒಂದು ಮಂಕಾದ ಎಳೆ ನೆಲದ ಕಡೆ ಹೊರಡುತ್ತದೆ. ಅದು ನೇರ ಬರುವುದಿಲ್ಲ. ಸುಮಾರು 50 ಮೀಟರ್ ಮುಂದೆ ಬರುತ್ತದೆ, ಕ್ಷಣದ ತೀರಾ ಸಣ್ಣ ಪಾಲು ನಿಲ್ಲುತ್ತದೆ, ಮತ್ತೆ ದಾರಿ ಹುಡುಕಿ ಇನ್ನೊಂದು ಹೆಜ್ಜೆ ಇಡುತ್ತದೆ. ಫೋಟೊದಲ್ಲಿ ಕಾಣುವ ಕವಲುಗಳೆಲ್ಲ ಹೀಗೆ ದಾರಿ ಹುಡುಕಿದ ಗುರುತುಗಳು. ಎಳೆ ನೆಲಕ್ಕೆ ಹತ್ತಿರವಾದಾಗ ತೆಂಗಿನ ಮರ, ಗೋಪುರ, ಟವರ್ ಥರದ ಎತ್ತರದ ವಸ್ತುಗಳಿಂದ ಮೇಲಕ್ಕೂ ಒಂದು ಎಳೆ ಏಳುತ್ತದೆ. ಎರಡೂ ಕೂಡಿದ ಕೂಡಲೇ ದಾರಿ ಪೂರ್ತಿಯಾಗಿ, ಭಾರೀ ವಿದ್ಯುತ್ತು ಹರಿಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಝಳಪು ಇದೇ. ಆಗ ಆ ದಾರಿಯ ಗಾಳಿ ಸುಮಾರು 30,000 ಡಿಗ್ರಿಯಷ್ಟು ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ. ದಪ್ಪ ಮಾತ್ರ ಒಂದೆರಡು ಅಂಗುಲವೂ ಇರಲಾರದು.

ಅಲ್ಲಿಗೆ ಮುಗಿಯುವುದಿಲ್ಲ. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಬಿಡುವು ಕೊಟ್ಟು, ಅದೇ ದಾರಿಯಲ್ಲಿ ಮತ್ತೊಮ್ಮೆ ಹರಿಯುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ಸಲ, ಕೆಲವೊಮ್ಮೆ ಹತ್ತಕ್ಕೂ ಜಾಸ್ತಿ. ಮಿಂಚು ಪಟಪಟ ಅಂತ ಮಿಟುಕಿದ ಹಾಗೆ ಕಾಣುವುದು ಇದರಿಂದಲೇ. ಒಂದೊಂದು ಹೊಡೆತದ ಜೋರಾದ ಬೆಳಕು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಹೊತ್ತೂ ಇರಲಾರದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇದೆಲ್ಲ ಗೊತ್ತಾದದ್ದೂ ಕ್ಯಾಮೆರಾದಿಂದಲೇ ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. 1882ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಜೆನ್ನಿಂಗ್ಸ್ ಮಿಂಚನ್ನು ಗಾಜಿನ ಫಲಕದ ಮೇಲೆ ಹಿಡಿದ. ಆವರೆಗೆ ಚಿತ್ರಕಾರರು ಮಿಂಚನ್ನು ಗರಗಸದ ಹಲ್ಲಿನ ಹಾಗೆ ಮೂಲೆ ಮೂಲೆಯಾಗಿ ಬರೆಯುತ್ತಿದ್ದರು. ಜೆನ್ನಿಂಗ್ಸನ ಫೋಟೊಗಳಲ್ಲಿ ಅದು ನದಿಯ ಹಾಗೆ, ಬೇರಿನ ಹಾಗೆ ಕಂಡಿತು. 1900ರ ಸುಮಾರಿಗೆ ಇಂಗ್ಲೆಂಡಿನ ಚಾರ್ಲ್ಸ್ ವೆರ್ನನ್ ಬಾಯ್ಸ್, ಲೆನ್ಸುಗಳು ಗಿರಗಿರ ತಿರುಗುವ ಒಂದು ಕ್ಯಾಮೆರಾ ಮಾಡಿದರು. ಲೆನ್ಸ್ ತಿರುಗುತ್ತಿದ್ದರೆ ಮೊದಲು ಬಂದ ಬೆಳಕು ಒಂದು ಕಡೆ, ಆಮೇಲೆ ಬಂದದ್ದು ಪಕ್ಕದಲ್ಲಿ ಬೀಳುತ್ತದೆ. ಹಾಗೆ ಮಿಂಚಿನ ಕಾಲವನ್ನು ಬಿಡಿಸಿ ಹರಡಿ ನೋಡಬಹುದು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೇಸಿಲ್ ಶೋನ್‌ಲಂಡ್ ಮತ್ತು ಜೊತೆಗಾರರು ಇದೇ ಬಗೆಯ ಕ್ಯಾಮೆರಾ ಬಳಸಿ, ಎಳೆ ಹೆಜ್ಜೆ ಹೆಜ್ಜೆಯಾಗಿ ಇಳಿಯುವುದನ್ನು ತೋರಿಸಿದರು. ನಾವು ಮೇಲೆ ಹೇಳಿದ ಹೆಜ್ಜೆಗಳ ಕಥೆ ಬಂದದ್ದು ಆ ಫೋಟೊಗಳಿಂದ.

ಸೋರುವ ಸೂರು, ಒಂದು ಚೊಂಬು ನೀರು

ಈಗ ಆ ಎರಡು ಕೆಟ್ಟ ಫೋಟೊಗಳಿಗೆ ಬರೋಣ. ಇಡೀ ವಿಷಯದಲ್ಲಿ ಅರ್ಥ ಮಾಡಿಕೊಳ್ಳಲೇಬೇಕಾದದ್ದು ಇದೊಂದೇ.

ಹಳೆಯ ಹೆಂಚಿನ ಮನೆ. ಮಳೆ ಬಂದರೆ ಸೂರು ಸೋರುತ್ತದೆ. ಕೆಳಗೆ ಒಂದು ಪಾತ್ರೆ ಇಟ್ಟಿದ್ದೀರಿ. ತೊಟ್ಟು ತೊಟ್ಟಾಗಿ ನೀರು ಬೀಳುತ್ತಿದೆ. ಹತ್ತು ನಿಮಿಷ ಬಿಟ್ಟರೆ ಇಷ್ಟು, ಇಪ್ಪತ್ತು ನಿಮಿಷ ಬಿಟ್ಟರೆ ಅದರ ಎರಡರಷ್ಟು. ನಡುವೆ ಯಾರೋ ಬಂದು ಒಂದು ಚೊಂಬು ನೀರನ್ನು ಒಮ್ಮೆಲೇ ಅದಕ್ಕೆ ಸುರಿದು ಹೋದರು ಅಂದುಕೊಳ್ಳಿ. ಪಾತ್ರೆ ಹತ್ತು ನಿಮಿಷ ಅಲ್ಲಿತ್ತೋ ಇಪ್ಪತ್ತು ನಿಮಿಷವೋ, ಚೊಂಬಿನ ನೀರು ಅಷ್ಟೇ.

ತೊಟ್ಟಿಕ್ಕುವ ನೀರು ಊರಿನ ದೀಪಗಳ ಬೆಳಕು. ಚೊಂಬಿನ ನೀರು ಮಿಂಚು. ಪಾತ್ರೆ ಇಟ್ಟ ಹೊತ್ತು ಶಟರ್ ಸಮಯ. ಶಟರ್ 5 ಸೆಕೆಂಡ್ ತೆರೆದಿರಲಿ, 20 ಸೆಕೆಂಡ್ ತೆರೆದಿರಲಿ, ಮಿಂಚಿನ ಗೆರೆಯ ಹೊಳಪು ಬದಲಾಗುವುದಿಲ್ಲ. ಅದರ ಬೆಳಕು ಕ್ಷಣದೊಳಗೆ ಬಂದು ಮುಗಿದಿರುತ್ತದೆ. ಬದಲಾಗುವುದು ಹಿನ್ನೆಲೆ ಮಾತ್ರ.

ಹಾಗಾದರೆ ಮಿಂಚಿನ ಹೊಳಪನ್ನು ಬದಲಿಸುವುದು ಹೇಗೆ? ಪಾತ್ರೆಯ ಬಾಯಿ ಕಿರಿದು ಮಾಡಬೇಕು. ಅದು ಅಪರ್ಚರ್, ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ. ಬಾಯಿ ಕಿರಿದಾದರೆ ಚೊಂಬಿನ ನೀರೂ ಕಡಿಮೆ ಒಳಗೆ ಹೋಗುತ್ತದೆ, ತೊಟ್ಟಿನ ನೀರೂ ಕಡಿಮೆ. ಎಫ್/5.6, ಎಫ್/8, ಎಫ್/11, ಎಫ್/16 ಅಂತ ಮುಂದೆ ಹೋದ ಹಾಗೆ ಕಿಂಡಿ ಚಿಕ್ಕದಾಗುತ್ತದೆ, ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಕೂಡ ಹಾಗೇ, ಎರಡನ್ನೂ ಒಟ್ಟಿಗೆ ಏರಿಸುತ್ತದೆ ಅಥವಾ ಇಳಿಸುತ್ತದೆ.

ಒಂದು ಉದಾಹರಣೆ ನೋಡೋಣ. ಐಎಸ್‌ಒ 100, ಎಫ್/8, 20 ಸೆಕೆಂಡ್ ಇಟ್ಟು ಒಂದು ಫೋಟೊ ಬಂತು. ಮಿಂಚಿನ ಗೆರೆ ಚೆನ್ನಾಗಿದೆ, ಆದರೆ ಊರಿನ ದೀಪಗಳಿಂದ ಮೋಡವೆಲ್ಲ ಕಿತ್ತಳೆ. ಇಲ್ಲಿ ಬಹಳ ಜನ ಅಪರ್ಚರನ್ನು ಎಫ್/11 ಮಾಡಿಬಿಡುತ್ತಾರೆ. ಆಕಾಶವೇನೋ ಕತ್ತಲಾಗುತ್ತದೆ, ಆದರೆ ಮುಂದಿನ ಮಿಂಚು ಬಡವಾಗಿ ಬರುತ್ತದೆ, ಸಣ್ಣ ಕವಲುಗಳೆಲ್ಲ ಮಾಯ. ಮಾಡಬೇಕಾದ್ದು ಸಮಯವನ್ನು 10 ಸೆಕೆಂಡಿಗೆ ಇಳಿಸುವುದು. ಹಿನ್ನೆಲೆ ಅರ್ಧವಾಗುತ್ತದೆ, ಮಿಂಚು ಇದ್ದ ಹಾಗೇ ಇರುತ್ತದೆ. ಇನ್ನೊಂದು ರಾತ್ರಿ ಮಿಂಚು ಸುಟ್ಟುಹೋಗಿ ಬಿಳಿ ಪಟ್ಟಿಯಾಯಿತು ಅನ್ನಿ. ಆಗ ಎಫ್/11ಕ್ಕೆ ಹೋಗಿ. ಜೊತೆಗೆ ಬೆಟ್ಟವೂ ಕತ್ತಲಾಯಿತಾ? ಸಮಯವನ್ನು ಎರಡು ಪಟ್ಟು ಮಾಡಿ, ಬೆಟ್ಟ ವಾಪಸ್ ಬರುತ್ತದೆ. ಮಿಂಚಿಗೆ ಅಪರ್ಚರ್, ಊರಿಗೆ ಸಮಯ. ಇದನ್ನು ನಾನು ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾ ಬ್ಯಾಗಿನೊಳಗೆ ಅಂಟಿಸಿಟ್ಟಿದ್ದೆ. ಕತ್ತಲಲ್ಲಿ, ಮೋಡ ಹತ್ತಿರ ಬರುವಾಗ, ಗಡಿಬಿಡಿಯಲ್ಲಿ ಮರೆತೇ ಹೋಗುತ್ತದೆ.

ಒಂದು ಎಚ್ಚರ ಇದೆ. ಮೋಡದೊಳಗಿನ ಮಿಂಚುಗಳೂ ಚೊಂಬಿನ ನೀರೇ. 30 ಸೆಕೆಂಡಿನೊಳಗೆ ಹತ್ತು ಸಲ ಮೋಡ ಬೆಳಗಿದರೆ ಹತ್ತು ಚೊಂಬು ಬಿದ್ದ ಹಾಗೆ, ಆಕಾಶ ಬೆಳ್ಳಗಾಗಿ ಹೋಗುತ್ತದೆ. ಮಿಂಚು ಒಂದರ ಹಿಂದೊಂದು ಬರುತ್ತಿದ್ದರೆ ಸಮಯ 5 ರಿಂದ 8 ಸೆಕೆಂಡ್ ಸಾಕು.

ಎಲ್ಲಿಂದ ಶುರು ಮಾಡುವುದು ಅನ್ನುವವರಿಗೆ ನನ್ನ ಲೆಕ್ಕ ಇದು. 20 ಕಿ.ಮೀ.ಗಿಂತ ದೂರದ ಮಿಂಚಿಗೆ ಐಎಸ್‌ಒ 200, ಎಫ್/5.6. ಹತ್ತರಿಂದ ಇಪ್ಪತ್ತು ಕಿ.ಮೀ. ಇದ್ದರೆ ಐಎಸ್‌ಒ 100, ಎಫ್/8. ಅದಕ್ಕಿಂತ ಹತ್ತಿರ ಬಂದರೆ ಎಫ್/11 ಅಥವಾ 16. ಮೊದಲ ಮಿಂಚು ಬಿದ್ದ ಫೋಟೊ ನೋಡಿ, ಆಮೇಲೆ ತಿದ್ದಿಕೊಳ್ಳಿ.

ಬೆಟ್ಟ ನುಂಗಿದ ಮಿಂಚು

ಮೊದಲ ವರ್ಷ ನಾನು ತೆಗೆದ ಫೋಟೊಗಳಲ್ಲಿ ಒಂದು ವಿಚಿತ್ರ ಇತ್ತು. ಬೆಟ್ಟದ ಹಿಂದೆ ಬೆಳಕು ಚೆನ್ನಾಗಿ ಬರುತ್ತಿತ್ತು. ಗೆರೆ ಒಂದೂ ಇಲ್ಲ. ರಾತ್ರಿಗಟ್ಟಲೆ ಕೂತರೂ ಇಲ್ಲ. ಕೊನೆಗೆ ಒಂದು ದಿನ ಕಾಗದ ತೆಗೆದು ಲೆಕ್ಕ ಹಾಕಿದೆ.

ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಸ್ವಲ್ಪ ಹೆಚ್ಚು, ಊರಿನಿಂದ ಸುಮಾರು 300 ಮೀಟರ್ ಎತ್ತರ. ನಮ್ಮ ಮನೆಯಿಂದ ಅದು ಸುಮಾರು 4 ಕಿ.ಮೀ. ದೂರ. ಅಂದರೆ ದೂರದ ಪ್ರತಿ ಕಿಲೋಮೀಟರಿಗೆ 75 ಮೀಟರ್ ಎತ್ತರ. ಇನ್ನು ಕೋಲ್ಮಿಂಚು ಬರಿಗಣ್ಣಿಗೆ ಕಾಣುವುದು ಮೋಡದ ತಳದಿಂದ ನೆಲದವರೆಗೆ ಮಾತ್ರ. ಅದರ ಮೇಲಿನ ಭಾಗವನ್ನು ಮೋಡ ಮುಚ್ಚಿರುತ್ತದೆ. ಮೋಡದ ತಳ 2 ಕಿ.ಮೀ. ಎತ್ತರದಲ್ಲಿದೆ ಅಂತ ಇಟ್ಟುಕೊಳ್ಳಿ. ಮಳೆ 30 ಕಿ.ಮೀ. ದೂರದಲ್ಲಿದ್ದರೆ ಕಿಲೋಮೀಟರಿಗೆ 67 ಮೀಟರ್ ಆಯಿತು. 75ರ ಮುಂದೆ 67. ಪೂರ್ತಿ ಗೆರೆ ಬೆಟ್ಟದ ಬೆನ್ನಿಗೇ ಮುಗಿದುಹೋಗುತ್ತಿತ್ತು! ಮೋಡದ ತಲೆ 12, 15 ಕಿ.ಮೀ. ಎತ್ತರಕ್ಕೆ ಹೋಗುವುದರಿಂದ ಬೆಳಕು ಮಾತ್ರ ಬೆಟ್ಟದ ಮೇಲೆ ಕಾಣುತ್ತಿತ್ತು.

ಅದೇ ಮಳೆ 15 ಕಿ.ಮೀ.ಗೆ ಬಂದರೆ ಕಿಲೋಮೀಟರಿಗೆ 133 ಮೀಟರ್. ಆಗ ಬೆಟ್ಟದ ತುದಿಯ ಮೇಲೆ ಇನ್ನೂ ಹೆಚ್ಚುಕಡಿಮೆ ಅಷ್ಟೇ ಎತ್ತರದ ಗೆರೆ ಕಾಣುತ್ತದೆ. ಇದು ಗೊತ್ತಾದ ಮೇಲೆ ನಾನು ಎರಡು ಬದಲಾವಣೆ ಮಾಡಿದೆ. ಮಳೆ ದೂರ ಇದ್ದಾಗ ಬೆಟ್ಟವನ್ನು ಚೌಕಟ್ಟಿನ ಒಂದು ಮಗ್ಗುಲಿಗೆ ಸರಿಸಿ, ಪಕ್ಕದ ತಗ್ಗಿನ ಕಡೆ ಕ್ಯಾಮೆರಾ ತಿರುಗಿಸುತ್ತೇನೆ. ಹತ್ತಿರ ಬಂದಾಗ ಮಾತ್ರ ಬೆಟ್ಟವನ್ನು ನಡುವೆ ತರುತ್ತೇನೆ. ನಿಮ್ಮ ಊರಿನಲ್ಲಿ ಬೆಟ್ಟದ ಬದಲು ಕೆರೆ ಇರಬಹುದು, ಗೋಪುರ ಇರಬಹುದು, ಎದುರುಮನೆಯ ನೀರಿನ ಟ್ಯಾಂಕ್ ಇರಬಹುದು. ಅದರ ಎತ್ತರವನ್ನು ದೂರದಿಂದ ಭಾಗಿಸಿ ನೋಡಿ. ಬಯಲುಸೀಮೆಯವರಿಗೆ ಈ ತೊಂದರೆ ಇಲ್ಲ. ವಿಜಯಪುರ, ರಾಯಚೂರಿನ ಕಡೆ ಬಯಲಿನ ಅಂಚಿನವರೆಗೂ ಪೂರ್ತಿ ಗೆರೆ ಸಿಗುತ್ತದೆ.

ಲೆನ್ಸ್ ಯಾವುದು ಅನ್ನುವುದೂ ಇದೇ ಲೆಕ್ಕದಿಂದ ಬರುತ್ತದೆ. 30 ಕಿ.ಮೀ. ದೂರದ ಗೆರೆ ಬಹಳ ಗಿಡ್ಡ, ಅದಕ್ಕೆ 85 ಅಥವಾ 100 ಮಿ.ಮೀ. ಲೆನ್ಸ್ ಬೇಕು (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). ಹದಿನೈದಕ್ಕೆ 35 ಅಥವಾ 50. ಅಗಲದ ಲೆನ್ಸ್ ಹಾಕಿದರೆ ಮಿಂಚು ಸಿಗುವ ಸಾಧ್ಯತೆ ಜಾಸ್ತಿ, ಸಿಕ್ಕಿದ್ದು ಮಾತ್ರ ಚಿಕ್ಕದು. ಶುರುವಿನಲ್ಲಿ ಅಗಲ ಇಟ್ಟು, ಮಿಂಚು ಎಲ್ಲಿ ಪದೇ ಪದೇ ಬರುತ್ತಿದೆ ಅಂತ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಒಂದೇ ಜಾಗದಲ್ಲಿ ಬರುವುದು ಅದರ ಅಭ್ಯಾಸ.

ಕತ್ತಲಾಗುವ ಮೊದಲು ಮುಗಿಸಬೇಕಾದ ಕೆಲಸ

ಫೋಕಸ್. ಮಿಂಚಿನ ಫೋಟೊ ಹಾಳಾಗುವುದು ಬಹುಪಾಲು ಇಲ್ಲೇ. ಕತ್ತಲಲ್ಲಿ ಕ್ಯಾಮೆರಾಗೆ ತಾನಾಗಿ ಫೋಕಸ್ ಮಾಡಲು ಏನೂ ಕಾಣುವುದಿಲ್ಲ, ಲೆನ್ಸ್ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ. ಕೈಯಿಂದ ಅನಂತದ ಗುರುತಿಗೆ ತಿರುಗಿಸಿಟ್ಟರೆ ಸಾಕು ಅಂತ ಹೇಳುವವರಿದ್ದಾರೆ. ಆದರೆ ಈಗಿನ ಎಷ್ಟೋ ಲೆನ್ಸುಗಳು ಆ ಗುರುತನ್ನೂ ದಾಟಿ ತಿರುಗುತ್ತವೆ. ನಾನು ಮಾಡುವುದು ಹೀಗೆ: ಬೆಟ್ಟದ ರಸ್ತೆಯ ಒಂದು ದೀಪವನ್ನು ಆರಿಸಿಕೊಳ್ಳುತ್ತೇನೆ. ಹಿಂಭಾಗದ ಪರದೆಯಲ್ಲಿ ಅದನ್ನು ಹತ್ತು ಪಟ್ಟು ದೊಡ್ಡದು ಮಾಡುತ್ತೇನೆ. ಮೊದಲು ಅದು ಇಡ್ಲಿಯಷ್ಟು ದಪ್ಪ, ಅಂಚು ಕದಡಿದ ಬೆಳಕಿನ ಬಿಲ್ಲೆ. ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಬಿಲ್ಲೆ ಕುಗ್ಗುತ್ತದೆ. ಇನ್ನಷ್ಟು ತಿರುಗಿಸಿದರೆ ಸಾಸಿವೆ ಕಾಳಿನಷ್ಟಾಗುತ್ತದೆ. ಅದನ್ನೂ ದಾಟಿದರೆ ಮತ್ತೆ ಹಿಗ್ಗಲು ಶುರು. ಅಲ್ಲಿಂದ ವಾಪಸ್ ಬಂದು ಸಾಸಿವೆ ಕಾಳಿಗೆ ನಿಲ್ಲಿಸುತ್ತೇನೆ. ಆಮೇಲೆ ಉಂಗುರದ ಮೇಲೆ ಒಂದು ತುಂಡು ಟೇಪ್. ರಾತ್ರಿ ಮುಗಿಯುವವರೆಗೂ ಆ ಟೇಪ್ ಮುಟ್ಟುವ ಹಾಗಿಲ್ಲ.

ಉಳಿದವು ಬೇಗ ಮುಗಿಯುತ್ತವೆ. ಟ್ರೈಪಾಡ್ ಮೇಲೆ ಇಟ್ಟ ಮೇಲೆ ಲೆನ್ಸಿನ ಅಲುಗಾಟ ತಡೆಯುವ ಸ್ವಿಚ್ ಆಫ್ ಮಾಡಿ. ರಾ ಫೈಲಿನಲ್ಲಿ (ಕ್ಯಾಮೆರಾ ತಾನಾಗಿ ತಿದ್ದದೆ ಉಳಿಸುವ ಫೋಟೊ) ತೆಗೆಯಿರಿ, ಬಣ್ಣ ಆಮೇಲೆ ತಿದ್ದಬಹುದು. ನನಗೆ ಬಣ್ಣದ ಸಮತೋಲ (ವೈಟ್ ಬ್ಯಾಲೆನ್ಸ್) 4,000 ಕೆಲ್ವಿನ್ ಆಸುಪಾಸು ಹಿಡಿಸುತ್ತದೆ, ಮಿಂಚಿನ ನೀಲಿ ನೇರಳೆ ಉಳಿಯುತ್ತದೆ, ಬೀದಿದೀಪದ ಹಳದಿ ತಗ್ಗುತ್ತದೆ.

ಒಂದು ಸೆಟ್ಟಿಂಗ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಬಹಳ ಕ್ಯಾಮೆರಾಗಳಲ್ಲಿ ದೀರ್ಘ ಎಕ್ಸ್‌ಪೋಶರಿನ ನಾಯ್ಸ್ ಕಡಿಮೆ ಮಾಡುವ ಒಂದು ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ 10 ಸೆಕೆಂಡಿನ ಫೋಟೊ ಆದ ಮೇಲೆ ಕ್ಯಾಮೆರಾ ಶಟರ್ ಮುಚ್ಚಿಕೊಂಡು ಇನ್ನೊಂದು 10 ಸೆಕೆಂಡ್ ಕತ್ತಲ ಫೋಟೊ ತೆಗೆದುಕೊಳ್ಳುತ್ತದೆ. ಮೊದಲನೆಯದರಿಂದ ಇದನ್ನು ಕಳೆದು ಚುಕ್ಕೆಗಳನ್ನು ತೆಗೆಯಲು. ಅಂದರೆ ರಾತ್ರಿಯ ಅರ್ಧ ಹೊತ್ತು ನಿಮ್ಮ ಕ್ಯಾಮೆರಾ ಕಣ್ಣು ಮುಚ್ಚಿರುತ್ತದೆ. ಅತ್ಯಂತ ಚೆಂದದ ಮಿಂಚು ಆ ಅರ್ಧದಲ್ಲೇ ಬಂದರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಅದನ್ನು ಆಫ್ ಮಾಡಿ. ಕ್ಯಾಮೆರಾದಲ್ಲೇ ಇರುವ ಇಂಟರ್ವಲ್ ಟೈಮರ್ ಹಚ್ಚಿ, ಒಂದು ಫೋಟೊ ಮುಗಿದ ಕೂಡಲೇ ಮುಂದಿನದು ಶುರುವಾಗುವ ಹಾಗೆ ಮಾಡಿ. ಆಮೇಲೆ ನಿಮ್ಮ ಬೆರಳಿಗೆ ಕೆಲಸವೇ ಇಲ್ಲ. ಕೋಣೆಯ ಆ ಕಡೆ, ಕಿಟಕಿಯಿಂದ ದೂರ ಕೂರಬಹುದು. ಅಲ್ಲೇ ಕೂರಬೇಕು ಕೂಡ.

ನೀವು ಎಲ್ಲಿರಬೇಕು

2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ 2,887 ಜನ ಸತ್ತರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಹೇಳುತ್ತದೆ. ಏಪ್ರಿಲ್, ಮೇ ತಿಂಗಳ ಪೇಪರಿನ ಒಳಪುಟಗಳಲ್ಲಿ ಆ ಸುದ್ದಿ ಬರುತ್ತಲೇ ಇರುತ್ತದೆ. ಹೊಲದಲ್ಲಿದ್ದವರು, ಕುರಿ ಕಾಯುತ್ತಿದ್ದವರು, ಮಳೆ ಬಂತು ಅಂತ ಮರದ ಕೆಳಗೆ ನಿಂತವರು. ಅವರಿಗೆ ಹೊರಗೆ ಇರದೆ ಬೇರೆ ದಾರಿ ಇರಲಿಲ್ಲ. ಒಂದು ಫೋಟೊಗಾಗಿ ನಾವು ಬೇಕಂತಲೇ ಆ ಜಾಗಕ್ಕೆ ಹೋಗಿ ನಿಲ್ಲುವುದನ್ನು ನಾನು ಒಪ್ಪಲಾರೆ.

ಬೆಳಕು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ 3 ಸೆಕೆಂಡಿಗೆ ಸುಮಾರು 1 ಕಿ.ಮೀ. ಬರುತ್ತದೆ. 30 ಎಣಿಸುವಷ್ಟರಲ್ಲಿ ಗುಡುಗು ಕೇಳಿಸಿದರೆ ಮಿಂಚು 10 ಕಿ.ಮೀ. ಒಳಗಿದೆ. ಅಷ್ಟು ದೂರಕ್ಕೆ ಸಿಡಿಲು ಮಳೆಯ ಮೋಡವನ್ನು ಬಿಟ್ಟು ಹಾರಿ ಬಂದು ಬಡಿಯಬಲ್ಲದು. ತಲೆಯ ಮೇಲೆ ನಕ್ಷತ್ರ ಕಾಣುತ್ತಿದ್ದರೂ ಬಡಿಯಬಲ್ಲದು. ಬರಸಿಡಿಲು ಬಡಿದ ಹಾಗೆ ಅಂತ ನಾವು ಸುಮ್ನೆ ಹೇಳುವ ಮಾತಲ್ಲ ಅದು. ಸರಿಯಾಗಿ ಹೇಳಬೇಕೆಂದರೆ ಗುಡುಗು ಕಿವಿಗೆ ಬಿತ್ತು ಅಂದರೇ ನೀವು ಅದರ ಕೈಗೆ ಸಿಗುವ ದೂರದಲ್ಲಿದ್ದೀರಿ. ಟೆರೇಸ್ ಬೇಡ, ಬಯಲು ಬೇಡ, ಕೆರೆ ಏರಿ ಬೇಡ, ಬೆಟ್ಟದ ತುದಿಯಂತೂ ಬೇಡವೇ ಬೇಡ. ಟ್ರೈಪಾಡ್ ಹಿಡಿದು ಬಯಲಲ್ಲಿ ನಿಂತವರು ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತುವಾಗಿರುತ್ತಾರೆ.

ಆರ್‌ಸಿಸಿ ಮನೆಯೊಳಗೆ ಇರಿ. ಕ್ಯಾಮೆರಾ ಕಿಟಕಿಯ ಹತ್ತಿರ, ನೀವು ಕಿಟಕಿಯಿಂದ ದೂರ. ನಮ್ಮ ಮನೆಗಳ ಕಿಟಕಿಗೆಲ್ಲ ಕಬ್ಬಿಣದ ಸರಳು ಇರುತ್ತದಲ್ಲ, ಎರಡು ಸರಳಿನ ನಡುವೆ ಲೆನ್ಸ್ ನೋಡುವ ಹಾಗೆ ಮೋಡ ದೂರ ಇರುವಾಗಲೇ ಹೊಂದಿಸಿಟ್ಟು, ಆಮೇಲೆ ಸರಳನ್ನೂ ಟ್ರೈಪಾಡನ್ನೂ ಮುಟ್ಟಬೇಡಿ. ಕ್ಯಾಮೆರಾವನ್ನೋ ಫೋನನ್ನೋ ಗೋಡೆಯ ಪ್ಲಗ್ಗಿಗೆ ಚಾರ್ಜಿಗೆ ಹಾಕಿಟ್ಟಿರಬೇಡಿ. ಗುಡುಗು ಹತ್ತಿರವಾದರೆ ಕಿಟಕಿ ಬಾಗಿಲು ಹಾಕಿ, ಫೋಟೊ ಆ ದಿನಕ್ಕೆ ಅಷ್ಟೇ. ದಾರಿಯಲ್ಲಿದ್ದರೆ ಲೋಹದ ಮೈಯ ಕಾರಿನೊಳಗೆ, ಗಾಜು ಏರಿಸಿಕೊಂಡು, ಲೋಹ ಮುಟ್ಟದೆ ಕೂರಿ. ಕಾಪಾಡುವುದು ಟೈರಿನ ರಬ್ಬರ್ ಅಲ್ಲ. ಕಾರಿನ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಬೈಕಿಗೂ ಆಟೊಗೂ ಆ ಗುಣ ಇಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಕಾಲಿಡಬೇಡಿ.

ಯಾರಿಗಾದರೂ ಸಿಡಿಲು ಬಡಿದರೆ ಅವರನ್ನು ಮುಟ್ಟಲು ಹೆದರಬೇಡಿ. ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಕ್ಷಣ ಎದೆ ಒತ್ತಲು ಶುರು ಮಾಡಿ, 108ಕ್ಕೆ ಫೋನ್ ಮಾಡಿಸಿ.

ಮೊಬೈಲಿನಲ್ಲಿ ಎರಡು ಆ್ಯಪ್ ಇಟ್ಟುಕೊಂಡಿರಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ನಿಮ್ಮ ಸುತ್ತ 20 ಮತ್ತು 40 ಕಿ.ಮೀ. ವೃತ್ತದೊಳಗೆ ಎಲ್ಲಿ ಮಿಂಚುತ್ತಿದೆ ಅಂತ ತೋರಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಕೂಡ ಇದೆ. ಇವು ಇರುವುದು ಜೀವ ಉಳಿಸಲು. ಯಾವ ದಿಕ್ಕಿಗೆ ಕ್ಯಾಮೆರಾ ತಿರುಗಿಸಬೇಕು ಅನ್ನುವುದೂ ಅದರಲ್ಲೇ ತಿಳಿಯುತ್ತದೆ.

ಚಿಕ್ಕವರಿದ್ದಾಗ ಗುಡುಗಿದ ಕೂಡಲೇ ಅಜ್ಜಿ ನಮ್ಮನ್ನೆಲ್ಲ ಜಗಲಿಯಿಂದ ಒಳಗೆ ಎಳೆದುಕೊಂಡು ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಅಂತ ಹೇಳಿಸುತ್ತಿದ್ದರು. ಹತ್ತು ಹೆಸರು ಮುಗಿದರೆ ಮತ್ತೆ ಮೊದಲಿನಿಂದ. ಗುಡುಗು ನಿಲ್ಲುವವರೆಗೂ ಮಕ್ಕಳು ಒಳಗೇ ಇರುತ್ತಿದ್ದೆವು. ಅಜ್ಜಿಯ ಆ ಕ್ರಮವನ್ನು ನಾನು ಕ್ಯಾಮೆರಾ ಹಿಡಿದ ಮೇಲೂ ಬಿಟ್ಟಿಲ್ಲ.

ಬರೀ ಫೋನ್ ಇದ್ದರೆ

ಫೋನಿನಲ್ಲೂ ಆಗುತ್ತದೆ, ದೂರದ ಮಿಂಚಿಗೆ ಚೆನ್ನಾಗಿಯೇ ಆಗುತ್ತದೆ. ಕಾರಣ ಮತ್ತೆ ಅದೇ ಪಾತ್ರೆಯ ಬಾಯಿ. ಹೆಚ್ಚಿನ ಫೋನುಗಳ ಅಪರ್ಚರ್ ಎಫ್/1.8 ಆಸುಪಾಸಿನಲ್ಲಿ ಕದಲದೆ ನಿಂತಿರುತ್ತದೆ. ಎಫ್/8ಕ್ಕೆ ಹೋಲಿಸಿದರೆ ಸೆನ್ಸರ್ ಮೇಲೆ ಸುಮಾರು 20 ಪಟ್ಟು ಬೆಳಕು. ಹತ್ತಿರದ ಮಿಂಚು ಇದರಲ್ಲಿ ಸುಟ್ಟುಹೋಗುತ್ತದೆ. ದೂರದ್ದು ಸರಿಯಾಗಿ ಬರುತ್ತದೆ. ಪ್ರೊ ಮೋಡ್‌ಗೆ ಹೋಗಿ ಐಎಸ್‌ಒ 50, ಸಮಯ 4 ಸೆಕೆಂಡ್, ಫೋಕಸ್ ಪರದೆಯ ಮೇಲಿನ ಬೆಟ್ಟದ ಚಿಹ್ನೆಗೆ (ಅಂದರೆ ದೂರಕ್ಕೆ). ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅಥವಾ ಅಕ್ಕಿ ತುಂಬಿದ ಸಣ್ಣ ಚೀಲಕ್ಕೆ ಒರಗಿಸಿ. ನೈಟ್ ಮೋಡ್ ನಂಬಬೇಡಿ. ಅದು ಹಲವು ಚಿಕ್ಕ ಫೋಟೊಗಳನ್ನು ತೆಗೆದು ಬೆರೆಸುತ್ತದೆ. ಒಂದರಲ್ಲಿ ಮಾತ್ರ ಇರುವ ಮಿಂಚು ಆ ಬೆರಕೆಯಲ್ಲಿ ಮಂಕಾಗಬಹುದು.

ಪ್ರೊ ಮೋಡ್ ಇಲ್ಲದಿದ್ದರೆ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 30 ಚಿತ್ರ ಅಂದರೆ 0.2 ಸೆಕೆಂಡಿನ ಮಿಂಚು ಆರೇಳು ಚಿತ್ರಗಳಲ್ಲಿ ಇರುತ್ತದೆ. ನಿಲ್ಲಿಸಿ ನೋಡಿ, ಬೇಕಾದದ್ದನ್ನು ತೆಗೆದಿಟ್ಟುಕೊಳ್ಳಿ. ಕೆಲವು ಚಿತ್ರಗಳಲ್ಲಿ ಮೇಲರ್ಧ ಬೆಳಕು, ಕೆಳಗರ್ಧ ಕತ್ತಲು, ನಡುವೆ ಸ್ಕೇಲ್ ಇಟ್ಟು ಎಳೆದ ಹಾಗೆ ಗೆರೆ ಕಾಣುತ್ತದೆ. ಫೋನ್ ಕೆಟ್ಟಿಲ್ಲ. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲಕ್ಕೆ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಮಿಂಚಿನ ಹೊಡೆತ ಅದಕ್ಕಿಂತ ಬೇಗ. ಕೆಲವು ಸಾಲುಗಳ ಪಾಲಿಗೆ ಆ ಬೆಳಕು ಬರುವುದೇ ಇಲ್ಲ.

ಹಗಲಿನ ಮಿಂಚಿಗೆ ಈ ಯಾವುದೂ ಸಾಲದು. ಬಿಸಿಲಲ್ಲಿ 10 ಸೆಕೆಂಡ್ ಶಟರ್ ತೆರೆದರೆ ಫೋಟೊ ಬರೀ ಬಿಳಿ. ಅದಕ್ಕೆ ಬೆಳಕಿನ ಬದಲಾವಣೆ ಕಂಡ ಕೂಡಲೇ ತಾನೇ ಶಟರ್ ಒತ್ತುವ ಟ್ರಿಗರ್ ಸಿಗುತ್ತದೆ. ಮೊದಲ ಹೊಡೆತ ಅದಕ್ಕೂ ತಪ್ಪಬಹುದು, ಎರಡನೆಯದೋ ಮೂರನೆಯದೋ ಸಿಗುತ್ತದೆ. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹರಿಯುವ ಗುಣ ಅಲ್ಲಿ ಉಪಕಾರಕ್ಕೆ ಬರುತ್ತದೆ.

ಒಂದೇ ಫೋಟೊದಲ್ಲಿ ಹತ್ತು ಹದಿನೈದು ಮಿಂಚು ಒಟ್ಟಿಗೆ ಇಳಿಯುವ ಚಿತ್ರಗಳನ್ನು ನೀವು ನೋಡಿರಬಹುದು. ಅವು ಹೆಚ್ಚಾಗಿ ಹಲವು ಫೋಟೊಗಳನ್ನು ಒಂದರ ಮೇಲೊಂದು ಇಟ್ಟು, ಪ್ರತಿ ಚುಕ್ಕೆಗೂ ಅತಿ ಹೊಳಪಿನದನ್ನು ಆರಿಸಿಕೊಂಡು ಮಾಡಿದವು. ಮಾಡುವುದರಲ್ಲಿ ತಪ್ಪಿಲ್ಲ, ಒಂದು ಗಂಟೆಯ ಮಳೆಯ ಕಥೆ ಅದು. ಆದರೆ ಹಾಗೆ ಮಾಡಿದ್ದೇನೆ ಅಂತ ಕೆಳಗೆ ಒಂದು ಸಾಲು ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೋಡುವವರು ಅದನ್ನು ಒಂದು ಕ್ಷಣ ಅಂದುಕೊಂಡಿರುತ್ತಾರೆ.

ಹೋದ ಮೇ ತಿಂಗಳ ಒಂದು ರಾತ್ರಿ ಎಂಟೂಕಾಲಕ್ಕೆ ಶುರು ಮಾಡಿದ್ದೆ. ಐಎಸ್‌ಒ 100, ಎಫ್/8, 10 ಸೆಕೆಂಡ್. ಒಂಬತ್ತೂವರೆಗೆ ಗುಡುಗು 24 ಎಣಿಸುವಷ್ಟರಲ್ಲಿ ಬಂತು, ಆಮೇಲೆ 20ಕ್ಕೆ ಬಂತು. ಕಿಟಕಿ ಹಾಕಿದೆ. ಮಳೆ ಹೆಂಚಿನ ಮೇಲೆ ಕಲ್ಲು ಸುರಿದ ಹಾಗೆ ಬಿತ್ತು, ಕರೆಂಟ್ ಹೋಯಿತು. ಕತ್ತಲಲ್ಲಿ ಕೂತು ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಫೋಟೊ ಸರಿಸುತ್ತಾ ಹೋದೆ. ನಾನೂರಕ್ಕೂ ಜಾಸ್ತಿ ಇದ್ದವು. ಬರೀ ಬೆಟ್ಟ, ಬರೀ ಬೆಟ್ಟ, ಬೆಳಗಿದ ಮೋಡ, ಮತ್ತೆ ಬರೀ ಬೆಟ್ಟ. ಮುನ್ನೂರ ಹನ್ನೆರಡನೆಯದರಲ್ಲಿ ಬೆಟ್ಟದ ಎಡ ಮಗ್ಗುಲಲ್ಲಿ, ಮೋಡದ ತಳದಿಂದ ಊರಿನ ಅಂಚಿನವರೆಗೆ ಒಂದು ಗೆರೆ. ಅದರಿಂದ ಬಲಕ್ಕೆ ಹೊರಟ ಒಂದು ಕವಲು ಬೆಟ್ಟದ ಕಡೆ ಬಂದು, ಅರ್ಧ ದಾರಿಯಲ್ಲಿ, ಗಾಳಿಯಲ್ಲೇ ನಿಂತುಹೋಗಿತ್ತು. ಆ ಕವಲಿನ ತುದಿಯನ್ನು ದೊಡ್ಡದು ಮಾಡಿ ನೋಡುತ್ತಾ, ಕರೆಂಟ್ ಬರುವವರೆಗೂ ಕೂತಿದ್ದೆ.